ಮೂಗಿನ ಮೇಲೊಂದು ಬಂಡೆ, ತೂಕ ಆರು ಗ್ರಾಂ

ಕೋಟ್ಯಂತರ ವರ್ಷ ಹಳೆಯ ಕಲ್ಲನ್ನು ಮೂಗಿನ ಮೇಲೆ ಧರಿಸಿ ಎಂದು ಐಷಾರಾಮಿ ಕನ್ನಡಕದ ಜಾಹೀರಾತುಗಳು ಕರೆಯುತ್ತಿವೆ. ವಯಸ್ಸಿನ ಬಗ್ಗೆ ತಕರಾರಿಲ್ಲ. ರಸ್ತೆಗೆ ಸುರಿಯುವ ಜಲ್ಲಿಯ ಜಾತಕವೂ ಅಷ್ಟೇ ಉದ್ದ. ಪಾಪ, ಅದಕ್ಕೆ ಮಖಮಲ್ಲಿನ ಡಬ್ಬಿ ಸಿಗಲಿಲ್ಲ. ತಕರಾರಿರುವುದು ತೂಕದಲ್ಲಿ.

ಮಾಮೂಲಿ ಅಸಿಟೇಟ್ (ಕನ್ನಡಕಕ್ಕೆ ಬಳಸುವ ಒಂದು ಬಗೆಯ ಪ್ಲಾಸ್ಟಿಕ್) ಫ್ರೇಮು ಲೆನ್ಸ್ ಬಿಟ್ಟು 25 ಗ್ರಾಂ ಎಂದಿಟ್ಟುಕೊಳ್ಳಿ. ಅಸಿಟೇಟಿನ ಸಾಂದ್ರತೆ ಘನ ಸೆಂ.ಮೀ.ಗೆ 1.3 ಗ್ರಾಂ, ಗ್ರಾನೈಟಿನದು ಸುಮಾರು 2.7. ಅದೇ ಅಳತೆಯ ಫ್ರೇಮನ್ನು ಇಡಿಯಾಗಿ ಗ್ರಾನೈಟಿನಲ್ಲಿ ಕೊರೆದರೆ 52 ಗ್ರಾಂ. ಮೂಗು ಹೇಗೋ ಹೊತ್ತೀತು, ಫ್ರೇಮೇ ತಾಳುವುದಿಲ್ಲ. ಕಲ್ಲು ಒತ್ತಿದರೆ ಶೂರ, ಎಳೆದರೆ ಪುಕ್ಕಲ: ಎಳೆತ ತಾಳುವ ಶಕ್ತಿ, ಒತ್ತಡ ತಾಳುವ ಶಕ್ತಿಯ ಸುಮಾರು ಹತ್ತನೇ ಒಂದು ಪಾಲು, ಎಷ್ಟೋ ಸಲ ಇನ್ನೂ ಕಡಿಮೆ. ಕನ್ನಡಕ ಹಾಕಿಕೊಳ್ಳುವಾಗ ಕಡ್ಡಿಗಳನ್ನು ಅಗಲಿಸುತ್ತೀರಲ್ಲ, ಆಗ ಫ್ರೇಮಿನ ಮುಖದ ಕಡೆಯ ಮೈ ಎಳೆತಕ್ಕೆ ಸಿಗುತ್ತದೆ. ಇಡೀ ಕಲ್ಲಾದರೆ ಮೂಗಿನ ಸೇತುವೆಯಲ್ಲೇ ಎರಡು ಹೋಳು. ಕಲ್ಲನ್ನು ಹೊರಮೈಗೆ ಮಾತ್ರ ಅಂಟಿಸುವುದರ ಹಿಂದೆ ಅಂದದ ಜತೆಗೆ ಈ ಭಯವೂ ಇದೆ.

ಹಾಗಾಗಿ ಕಲ್ಲಿನ ಕನ್ನಡಕ ಮಾಡುವ ವಿದ್ಯೆ ಎಂದರೆ, ಕನ್ನಡಕದಿಂದ ಕಲ್ಲನ್ನು ಆದಷ್ಟೂ ದೂರ ಇಡುವ ವಿದ್ಯೆ. ಪದರ ಪದರವಾಗಿ ಬಿಡುವ ಸ್ಲೇಟನ್ನೋ ಅಭ್ರಕ ತುಂಬಿದ ಶಿಸ್ಟನ್ನೋ ಆರಿಸುತ್ತಾರೆ. ಚಪ್ಪಡಿಗೆ ಪಾಲಿಯೆಸ್ಟರ್ ರೆಸಿನ್ ಬಳಿದು, ಫೈಬರ್‌ಗ್ಲಾಸ್ ಬಟ್ಟೆ ಹಾಸಿ, ಗಟ್ಟಿಯಾದ ಮೇಲೆ ಕಿತ್ತರೆ ಬಟ್ಟೆಗೆ ಕಚ್ಚಿಕೊಂಡು ಕಲ್ಲಿನ ಸಿಪ್ಪೆ ಎದ್ದು ಬರುತ್ತದೆ. ಹಾಳೆಯ ದಪ್ಪ ಸಾಮಾನ್ಯವಾಗಿ 1ರಿಂದ 2 ಮಿ.ಮೀ.; ಅದರಲ್ಲೂ ರೆಸಿನ್ನಿನ ಪಾಲು ಉಂಟು. ಗ್ರಾನೈಟ್ ಹೀಗೆ ಸುಲಿಸಿಕೊಳ್ಳುವುದಿಲ್ಲ, ವಜ್ರದ ಗರಗಸಕ್ಕೆ ನೀರು ಬಿಟ್ಟುಕೊಂಡೇ ಕೊಯ್ಯಬೇಕು. ಒಣಗಾಗಿ ಕೊಯ್ದರೆ ಸಿಲಿಕಾ ದೂಳು ಕೆಲಸಗಾರನ ಶ್ವಾಸಕೋಶಕ್ಕೆ ಇಳಿದು ಸಿಲಿಕೋಸಿಸ್ ತರುತ್ತದೆ. ಕರಕುಶಲತೆಯ ವರ್ಣನೆ ತುಂಬಿದ ಕರಪತ್ರದಲ್ಲಿ ಈ ರೋಗಕ್ಕೆ ಜಾಗ ಸಾಲುವುದಿಲ್ಲ.

ಆ ಸಿಪ್ಪೆಯನ್ನು ತೆಳು ಮರದ ಪದರಗಳ ಅಥವಾ ಅಸಿಟೇಟಿನ ಒಡಲಿಗೆ ಎಪಾಕ್ಸಿಯಲ್ಲಿ ಅಂಟಿಸಿ, ಪ್ರೆಸ್ಸಿನಲ್ಲಿ ಒತ್ತಿ, ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕತ್ತರಿಸುತ್ತಾರೆ. ಲೆನ್ಸ್ ಕೂರುವ ತೋಡು ಒಡಲಿನಲ್ಲಿ. ಕಡ್ಡಿ ಮಡಚುವ ಹಿಂಜಿನ ಸ್ಕ್ರೂ ಕಚ್ಚುವುದೂ ಒಡಲನ್ನೇ. ಬಾಗುವುದು, ಬೆವರು ಹೀರುವುದು, ಕಿವಿಗೆ ಆತುಕೊಳ್ಳುವುದು ಎಲ್ಲ ಅದರ ಪಾಲಿನ ದುಡಿಮೆ. ಕಲ್ಲು ಬರೀ ಉತ್ಸವಮೂರ್ತಿ, ಹೊರುವವರು ಬೇರೆ.

ಶುದ್ಧ ಕಲ್ಲು ಅರ್ಧ ಮಿ.ಮೀ. ಇದೆ ಎಂದು ಹಿಡಿಯೋಣ. ಫ್ರೇಮಿನ ಮುಂಭಾಗ ಸುಮಾರು 20 ಚದರ ಸೆಂ.ಮೀ., ಎರಡು ಕಡ್ಡಿಗಳ ಹೊರಮೈ 23. ಎರಡನ್ನೂ ಕೂಡಿಸಿ, ದಪ್ಪದಿಂದಲೂ 2.7ರ ಸಾಂದ್ರತೆಯಿಂದಲೂ ಗುಣಿಸಿದರೆ ಆರು ಗ್ರಾಂ ಕೂಡ ತುಂಬುವುದಿಲ್ಲ. ಕೋಟ್ಯಂತರ ವರ್ಷಗಳ ಭೂ ಇತಿಹಾಸಕ್ಕಿಂತ ಮೊನ್ನೆ ಕಲೆಸಿದ ಅಂಟು, ಮೊನ್ನೆ ಕತ್ತರಿಸಿದ ಮರವೇ ಭಾರ.

ಮೇಲೆ ಥಳುಕು ಒಳಗೆ ಹುಳುಕು ಎನ್ನುತ್ತಾರಲ್ಲ, ಇಲ್ಲಿ ಉಲ್ಟಾ: ಒಳಗಿನದು ಗಟ್ಟಿ, ಮೇಲಿನದೇ ಹುಳುಕು. ತೇವಕ್ಕೆ ಮರ ಉಬ್ಬುತ್ತದೆ, ಕಲ್ಲು ಉಬ್ಬುವುದಿಲ್ಲ; ಇಬ್ಬರ ನಡುವೆ ಸಿಕ್ಕಿದ ಅಂಟು ಬಾಯಿ ಬಿಡುತ್ತದೆ, ಅದೂ ಮೊದಲು ಹಿಂಜಿನ ಮೂಲೆಯಲ್ಲಿ. ಅಂಚನ್ನು ಓರೆಯಾಗಿ ಮಸೆದಿರದಿದ್ದರೆ ಲೆನ್ಸ್ ಒರೆಸುವ ಬಟ್ಟೆಗೇ ಅಭ್ರಕದ ಚಕ್ಕೆ ಎದ್ದು ಬರುತ್ತದೆ. ಅಮೃತಶಿಲೆಯಂತೂ ಹೆಚ್ಚಾಗಿ ಕ್ಯಾಲ್ಸೈಟ್, ಆಮ್ಲಕ್ಕೆ ಕರಗುವ ಖನಿಜ; ಆಮ್ಲ ಸೋಕಿದ ಜಾಗದಲ್ಲಿ ಪಾಲಿಶ್ ಸತ್ತು ಮಂಕಾಗುತ್ತದೆ, ಚರ್ಮದ ಬೆವರೂ ತುಸು ಆಮ್ಲೀಯವೇ. ಇವೆಲ್ಲಕ್ಕೂ ಕ್ಯಾಟಲಾಗಿನಲ್ಲಿ ಮುದ್ದಿನ ಹೆಸರುಗಳಿವೆ. ಬಿರುಕಿಗೆ ನಿಸರ್ಗದ ಸಹಿ, ಕಲೆಗೆ ಜೀವಂತ ಮೇಲ್ಮೈ. ಎಡ ಬಲ ಕಡ್ಡಿಗಳ ಬಣ್ಣ ಹೊಂದದಿದ್ದರೆ, ಜಗತ್ತಿನಲ್ಲಿ ಒಂದೇ ಒಂದು! ಪ್ಲಾಸ್ಟಿಕ್ ಫ್ರೇಮು ಹೀಗಿದ್ದರೆ ತಪಾಸಣೆಯ ಮೇಜಿನಿಂದ ನೇರ ಕಸದ ಬುಟ್ಟಿಗೆ.

ಇನ್ನು ಕನ್ನಡಕ ಸಡಿಲವಾದರೆ? ಅಸಿಟೇಟಿನ ಕಡ್ಡಿಯನ್ನು ಬಿಸಿ ಮಾಡಿ ಕಿವಿಗೆ ತಕ್ಕಂತೆ ಬಗ್ಗಿಸಬಹುದು. ಕಲ್ಲಂಟಿಸಿದ ಕಡ್ಡಿಗೆ ಆ ಬಿಸಿ ಕೊಟ್ಟರೆ ಅಂಟು ಮೆತ್ತಗಾಗುತ್ತದೆ, ಬಗ್ಗಿಸಿದರೆ ಸಿಪ್ಪೆ ಸೀಳುತ್ತದೆ. ಅದಕ್ಕೇ ಜಾಣ ತಯಾರಕರು ಕಡ್ಡಿಯ ತುದಿಯ ಕೆಲವು ಸೆಂಟಿಮೀಟರಿಗೆ ಕಲ್ಲನ್ನು ಹಾಕುವುದೇ ಇಲ್ಲ, ಬರೀ ಅಸಿಟೇಟ್ ಬಿಡುತ್ತಾರೆ. ಕೊಳ್ಳುವ ಮುನ್ನ ಕಿವಿಯ ಹಿಂದಿನ ಆ ತುಂಡು ಇದೆಯೇ ನೋಡಿಕೊಳ್ಳಿ. ಕರಪತ್ರದ ಫೋಟೊದಲ್ಲಿ ಅದು ಕೂದಲ ಮರೆಯಲ್ಲಿರುತ್ತದೆ.