ಬೇಳೆ ಬೇಯದ ನೀರು, ಓಡದ ಫ್ಯಾನು

ಟ್ರ್ಯಾಕ್ಟರ್ ಟ್ರಾಲಿ ಮಾಡುವ ವೆಲ್ಡರ್ ಕೈಯಲ್ಲಿ ಒಂದು ಪುಟ್ಟ ಕ್ಯಾಂಪಿಂಗ್ ಟ್ರೇಲರ್ ಮಾಡಿಸಿದೆ. ಇಬ್ಬರು ಕಾಲು ಚಾಚಿ ಮಲಗಬಹುದು, ಮೂರನೆಯವರು ಬಂದರೆ ಯಾರದಾದರೂ ಕಾಲು ಹೊರಗೆ. ಓಣಿಯವರು ಅದಕ್ಕೆ ‘ಐಸ್‌ಕ್ರೀಮ್ ಗಾಡಿ’ ಅಂತ ಹೆಸರಿಟ್ಟರು. ಕಲಬುರಗಿ ಬಿಸಿಲಿನಲ್ಲಿ ಆ ಹೆಸರು ಕೇಳಿದರೇ ಅರ್ಧ ತಂಪು, ನಾನು ತಕರಾರು ಮಾಡಲಿಲ್ಲ.

ಒಳಗೆ ಫ್ಯಾನು ಓಡಬೇಕೆಂದರೆ ಬ್ಯಾಟ್ರಿ ಬೇಕಲ್ಲ. ಬ್ಯಾಟ್ರಿ ಅಂಗಡಿಯವನು ‘ಟ್ಯೂಬುಲರ್ ಒಯ್ಯರಿ ಸರ’ ಅಂದ. ಮನೆ ಇನ್ವರ್ಟರಿಗೆ ಹಾಕುವ ಜಾತಿ, ಐವತ್ತು ಕೆಜಿ ಮೇಲೆ ಭಾರ. ಲಿಥಿಯಂ ಹಗುರ, ಆದರೆ ರೇಟು ಎತ್ತಲಾಗುವುದಿಲ್ಲ. ಆಗಲೇ ಭಾವಮೈದ ಬಾಯಿ ಹಾಕಿದ: ‘ಮಾಮಾ, ಹಳೇ ಲಾರಿ ಬ್ಯಾಟ್ರಿ ಅಗ್ಗಕ್ಕ ಕೊಡಸ್ತೀನಿ. ಲಾರೀನೇ ಎಬ್ಬಸ್ತದ, ನಿಮ್ಮ ಫ್ಯಾನ್ ಯಾವ ಲೆಕ್ಕ?’

ಎಬ್ಬಿಸುವುದು ಬೇರೆ, ರಾತ್ರಿಯಿಡೀ ಎದ್ದಿರುವುದು ಬೇರೆ. ಲಾರಿ ಬ್ಯಾಟ್ರಿಯೊಳಗೆ ತೆಳ್ಳನೆಯ ಪ್ಲೇಟು. ಕೆಲವೇ ಸೆಕೆಂಡು ನೂರಾರು ಆಂಪಿಯರ್ ಉಗುಳಿ ಸುಮ್ಮನಾಗುವ ಜಾತಿ. ತಳ ಕಾಣುವವರೆಗೆ ಹಿಂಡುತ್ತ ಹೋದರೆ ಕೆಲವೇ ಸಲಕ್ಕೆ ಗೊಟಕ್. ಇದು ಈಗಿನ ಜ್ಞಾನ.

ಆಗ ಲಾರಿಯದನ್ನೇ ತಂದೆ; ಆಗಿನ ಜ್ಞಾನವೆಂದರೆ ಬರೀ ಭಾಗಾಕಾರ. ಫ್ಯಾನಿಗೆ 2 ಆಂಪಿಯರ್, ಮಜ್ಜಿಗೆ ಇಡುವ ಸಣ್ಣ ಫ್ರಿಜ್ಜಿಗೆ 4. ಬ್ಯಾಟ್ರಿ ಮೇಲೆ 100 ಆಂಪಿಯರ್-ಅವರ್ ಅಂತ ಬರೆದಿದೆ. ಹದಿನಾರು ತಾಸು! ಬ್ಯಾಟ್ರಿಗೆ ಗಣಿತ ಬರುವುದಿಲ್ಲ ಅನ್ನುವುದು ಮೇ ತಿಂಗಳಲ್ಲಿ, ಚಿಂಚೋಳಿ ಕಡೆಯ ಪರಿಚಯದವರ ಹೊಲದಲ್ಲಿ, ರಾತ್ರಿ ಎರಡಕ್ಕೆ ತಿಳಿಯಿತು. ಫ್ಯಾನು ಒಂದೊಂದೇ ರೆಕ್ಕೆ ಎಣಿಸಿಕೊಂಡು ನಿಂತಿತು. ತುಂಬಿದಾಗ 12.7 ವೋಲ್ಟ್ ತೋರಿಸಬೇಕಿದ್ದ ಮೀಟರು 11.6ಕ್ಕೆ ಇಳಿದಿತ್ತು. ಹೆಂಡತಿ ಜೋಳದ ರೊಟ್ಟಿಯ ಮರದಿಂದ ಗಾಳಿ ಹಾಕಿಕೊಳ್ಳುತ್ತಾ, ‘ಇದಕ್ಕ ಚಾರ್ಜಿಂಗ್ ಬೇಕಿಲ್ಲ ನೋಡ್ರಿ’ ಅಂದಳು.

ಮರುದಿನ ಮೆಕ್ಯಾನಿಕ್ ಮುಚ್ಚಳ ಬಿಚ್ಚಿ ಕೇಳಿದ, ‘ನೀರ್ ಹಾಕೀರೇನ್ರಿ?’

‘ಹಾಕೀನಲ್ಲ, ಬಾಯಿ ತನಕ!’

‘ಯಾವ ನೀರು?’

‘ಬೋರಿಂದು.’

ಆತ ಎದ್ದು ನಿಂತ. ನಮ್ಮ ಬೋರ್ ನೀರಿನಲ್ಲಿ ತೊಗರಿ ಬೇಳೆಯೇ ಬೇಯುವುದಿಲ್ಲ, ಅಷ್ಟು ಸುಣ್ಣ. ಬ್ಯಾಟ್ರಿಗೆ ಡಿಸ್ಟಿಲ್ಡ್ ವಾಟರೇ ಆಗಬೇಕು, ಅದೂ ಗುರುತಿನ ಮಟ್ಟದವರೆಗೆ ಮಾತ್ರ. ಬಾಯಿ ತನಕ ತುಂಬಿ ಚಾರ್ಜಿಗಿಟ್ಟರೆ ಆಸಿಡ್ ಉಕ್ಕುತ್ತದೆ. ಉಕ್ಕಿತ್ತು ಕೂಡ. ಒಗೆಯಲು ಹಾಕಿದ ನನ್ನ ಹೊಸ ಪ್ಯಾಂಟು ಜೋಳದ ಜರಡಿಯಾಗಿ ಹೊರಬಂತು.

ಟರ್ಮಿನಲ್ ಮೇಲೆ ನೀಲಿ-ಬಿಳಿ ಬೂಸ್ಟು ಬೇರೆ. ಮಿರ್ಚಿ ಭಜಿಗೆಂದು ತಂದಿಟ್ಟ ಅಡುಗೆ ಸೋಡಾವನ್ನು ಬಿಸಿನೀರಿಗೆ ಕಲಸಿ, ಹಳೇ ಬ್ರಶ್ಶಿನಿಂದ ತಿಕ್ಕಿದೆ. ಬುಸ್ ಅಂತ ನೊರೆ ಎದ್ದು ಲೋಹ ಮಿರಮಿರ ಮಿಂಚಿತು. ಒಂದು ಹನಿಯೂ ಸೆಲ್ಲಿನೊಳಗೆ ಇಳಿಯದ ಹಾಗೆ ಉಸಿರು ಬಿಗಿ ಹಿಡಿದಿದ್ದೆ. ಮೇಲೆ ವ್ಯಾಸಲೀನ್ ಸವರಿದೆ. ಅಂದು ಸಂಜೆ ಭಜಿ ಕಲ್ಲಿನಂತಿದ್ದವು; ಯಾರೂ ಕಾರಣ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಕೊನೆಗೆ ಟ್ಯೂಬುಲರ್ರೇ ತಂದೆ. ಇಬ್ಬರು ಹಮಾಲರು ಹೊತ್ತು ತಂದು, ‘ಎಲ್ಲಿಡೋದ್ರೀ?’ ಅಂದರು. ಹಿಂದೆ ಜಾಗ ಕಂಡಿತು, ಹಿಂದೆಯೇ ಇಡಿಸಿದೆ. ಜೀಪಿನ ಕೊಂಡಿ ಬಿಚ್ಚಿದ್ದೇ ತಡ, ಟ್ರೇಲರ್ ಮೂತಿ ಆಕಾಶಕ್ಕೆ ಎತ್ತಿ ಹಿಂಭಾಗ ನೆಲಕ್ಕೆ ಊರಿ ಕೂತುಬಿಟ್ಟಿತು. ಗದ್ದಲ ಕೇಳಿ ಓಡಿ ಬಂದ ಎದುರು ಮನೆಯ ಹುಡುಗ ಕೈಯಲ್ಲಿ ಹತ್ತು ರೂಪಾಯಿ ಹಿಡಿದಿದ್ದ.

‘ಅಂಕಲ್, ಕುಲ್ಫಿ ಅದ ಏನ್ರಿ?’