ವಸಂತ ಬಂದ, ರಿಮೋಟ್ ಎಲ್ಲಿ?

ಇದಕ್ಕೆಲ್ಲ ಮೂಲ ಕಾರಣ ನನ್ನ ತಂಗಿ. ನೆದರ್‌ಲ್ಯಾಂಡ್ಸ್‌ನಲ್ಲಿದ್ದಾಳೆ. ಅಲ್ಲಿ ಕ್ಯೂಕೆನ್‌ಹಾಫ್ ಅಂತ ಒಂದು ಹೂದೋಟವಿದೆ, ವರ್ಷಕ್ಕೆ ಸುಮಾರು 70 ಲಕ್ಷ ಗೆಡ್ಡೆ ನೆಡುತ್ತಾರೆ. ಹೋದ ವರ್ಷ, ಅಂದರೆ 2025ರ ಮಾರ್ಚ್ ಕೊನೆಯಲ್ಲಿ, ದಪ್ಪ ಜಾಕೆಟ್ ಹಾಕಿಕೊಂಡು ಟುಲಿಪ್ ಪಕ್ಕ ನಿಂತು ನಲವತ್ತು ಫೋಟೋ ಕಳಿಸಿದಳು. ಕೆಳಗೆ, "ಅಕ್ಕಾ, ಸ್ಪ್ರಿಂಗ್ ಬಂತು ಕಣೇ!"

ನಾನಾಗ ಒದ್ದೆ ಟವೆಲನ್ನು ಕತ್ತಿಗೆ ಸುತ್ತಿಕೊಂಡು, ಇವತ್ತಾದರೂ ನೀರಿನ ಟ್ಯಾಂಕರ್ ಬರುತ್ತಾ ಅಂತ ಗೇಟಿನ ಹತ್ತಿರ ನಿಂತಿದ್ದೆ.

ನಮಗೂ ಅದು ವಸಂತವೇ. ಪಂಚಾಂಗ ಹಾಗಂತ ಹೇಳುತ್ತದೆ, ಚೈತ್ರ, ವೈಶಾಖ ಎರಡು ತಿಂಗಳು. ಆದರೆ ಬೆಂಗಳೂರಿನಲ್ಲಿ ಆ ಹೊತ್ತಿಗೆ ನಡೆಯೋದು ಮಕ್ಕಳ ಪರೀಕ್ಷೆ, ಆಫೀಸಿನ ವರ್ಷಾಂತ್ಯದ ಲೆಕ್ಕ, ಫ್ಯಾನಿನಿಂದ ಬರೋ ಬಿಸಿಗಾಳಿ. ಶಾಲೆಯಲ್ಲಿ ಬಿ.ಎಂ.ಶ್ರೀ. ಅವರ ವಸಂತದ ಪದ್ಯವನ್ನು ನಾವು ಒಕ್ಕೊರಲಿನಿಂದ ಕಿರುಚುತ್ತಿದ್ದೆವು. "ಚಳಿಯನು ಕೊಂದ" ಅನ್ನೋ ಸಾಲಿಗೆ ಬರುವಷ್ಟರಲ್ಲಿ ಮೇಷ್ಟ್ರು ಪಂಚೆಯ ತುದಿಯಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ಯಾವ ಚಳಿ, ಯಾವಾಗ ಕೊಂದ, ನಾವ್ಯಾರೂ ಕೇಳಲಿಲ್ಲ. ಅದು ಥಾಮಸ್ ನ್ಯಾಶ್ ಅನ್ನೋ ಇಂಗ್ಲಿಷ್ ಕವಿಯ ಪದ್ಯದ ಅನುವಾದ ಅಂತ ಗೊತ್ತಾಗೋದಕ್ಕೆ ನನಗೆ ಇಪ್ಪತ್ತು ವರ್ಷ ಬೇಕಾಯಿತು. ಸತ್ತಿದ್ದು ಅವರ ಊರಿನ ಚಳಿ!

ಇರಲಿ. ತಂಗಿಯ ಫೋಟೋ ನೋಡಿ ನನಗೂ ಹಟ ಬಂತು. ತೋಟ ಇಲ್ಲದಿದ್ದರೇನು, ಟಿವಿ ಇದೆಯಲ್ಲ. ಯುಗಾದಿ ಮಾರ್ಚ್ 30ಕ್ಕೆ, ರಾಮನವಮಿ ಏಪ್ರಿಲ್ 6ಕ್ಕೆ. ಅಲ್ಲಿಯವರೆಗೆ ದಿನಕ್ಕೊಂದು ವಸಂತದ ಸಿನಿಮಾ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡೋದು ಅಂತ ಘೋಷಿಸಿದೆ. ಇವರು ಹೋಳಿಗೆ ಬಾಯಲ್ಲಿಟ್ಟುಕೊಂಡೇ, "ವಸಂತ ಅಂದ್ರೆ ಐಪಿಎಲ್ ಕಣೇ" ಅಂದರು. ಆಮೇಲೆ ಒಪ್ಪಂದವಾಯಿತು. ಆರ್‌ಸಿಬಿ ಆಡೋ ದಿನ ಟಿವಿ ಅವರದು, ಮಿಕ್ಕ ದಿನ ನನ್ನದು. ಆ ವಾರ ಆರ್‌ಸಿಬಿಗೆ ಇದ್ದದ್ದು ಒಂದೇ ಮ್ಯಾಚು, ಹಾಗಾಗಿ ನಾನೇ ಗೆದ್ದೆ ಅಂದುಕೊಂಡೆ.

ಮೊದಲ ದಿನ 'ಸಿಲ್ಸಿಲಾ'. 1981ರದ್ದು. ಕಾರಣ ಶುದ್ಧ ಹೊಟ್ಟೆಕಿಚ್ಚು, ಅದರ ಟುಲಿಪ್ ಹಾಡು ತೆಗೆದಿದ್ದು ಅದೇ ಕ್ಯೂಕೆನ್‌ಹಾಫ್‌ನಲ್ಲಿ. ಹಾಡು ಬರೋವರೆಗೆ ಎಲ್ಲ ಚೆನ್ನಾಗಿತ್ತು. ಅಮಿತಾಭ್, ರೇಖಾ, ಸಾಲು ಸಾಲು ಕೆಂಪು ಹಳದಿ ಹೂವು. "ಜೋಡಿ ಚೆನ್ನಾಗಿದೆ" ಅಂದರು ನಮ್ಮತ್ತೆ. ಸ್ವಲ್ಪ ಹೊತ್ತಿಗೆ ಅಮಿತಾಭ್ ಜಯಾಳನ್ನು ಮದುವೆಯಾದ.

"ಇವಳ್ಯಾರೇ?"

"ಹೆಂಡತಿ ಅತ್ತೆ. ಇವನ ಅಣ್ಣ ಇವಳನ್ನ ಮದುವೆ ಆಗಬೇಕಿತ್ತು. ಅವನು ತೀರಿಕೊಂಡ, ಅದಕ್ಕೆ ಇವನು ಆದ."

"ಹಾಗಾದ್ರೆ ಹೂವಿನ ತೋಟದವಳು?"

ಅಲ್ಲಿಂದ ಮುಂದೆ ಅತ್ತೆ ಸಿನಿಮಾ ನೋಡಲಿಲ್ಲ, ಪಂಚಾಯಿತಿ ಮಾಡಿದರು. ರೇಖಾ ತೆರೆ ಮೇಲೆ ಬಂದಾಗಲೆಲ್ಲ "ಬಂದಳು ನೋಡು" ಅನ್ನೋದು, ಜಯಾ ಬಂದಾಗಲೆಲ್ಲ ಮಗನ ಕಡೆ ಒಂದು ದೃಷ್ಟಿ ಹಾಯಿಸೋದು. ಆಡಿಟರ್ ಫೋನಿಗೆ ಉತ್ತರ ಕೊಡೋಕೆ ಅಂತ ಮೂರು ಸಲ ಎದ್ದು ಹೊರಗೆ ಹೋದ ಪಾಪದ ಮನುಷ್ಯನಿಗೆ ಕೊನೆಗೆ, "ಹಬ್ಬದ ದಿನವೂ ಯಾರದಪ್ಪಾ ಅಷ್ಟೊಂದು ಫೋನು?" ಅನ್ನೋ ಪ್ರಶ್ನೆ ಎದುರಾಯಿತು.

ಎರಡನೇ ದಿನ ಮಾವನವರಿಗೋಸ್ಕರ 'ಬಸಂತ್ ಬಹಾರ್'. ಹೆಸರಿನಲ್ಲೇ ವಸಂತ, ಮೇಲಾಗಿ ಸಂಗೀತ. 1956ರಲ್ಲಿ ಬಂದ ಈ ಹಿಂದಿ ಸಿನಿಮಾಕ್ಕೆ ಆಧಾರ ನಮ್ಮ ತ.ರಾ.ಸು. ಅವರ 'ಹಂಸಗೀತೆ' ಕಾದಂಬರಿ. ಮಾವ ಚಿತ್ರದುರ್ಗದ ಕಡೆಯವರು. ತ.ರಾ.ಸು. ಅಂದರೆ ಅವರಿಗೆ ಸ್ವಂತ ಚಿಕ್ಕಪ್ಪ ಇದ್ದ ಹಾಗೆ. ಕನ್ನಡಕ ಒರೆಸಿಕೊಂಡು ಮುಂದಿನ ಸಾಲಿನಲ್ಲೇ ಕೂತರು. ಮೊದಲ ಅರ್ಧ ಗಂಟೆ "ನಮ್ಮ ದುರ್ಗ ಎಲ್ಲಿ? ಕೋಟೆ ಎಲ್ಲಿ?" ಅಂತ ಹುಡುಕಿದರು. ಸಿಗಲಿಲ್ಲ.

ಅದನ್ನಾದರೂ ಸಹಿಸಿಕೊಳ್ಳುತ್ತಿದ್ದರೇನೋ. ಆದರೆ ಆ ಸಿನಿಮಾದಲ್ಲಿ ಒಂದು ಸಂಗೀತದ ಸ್ಪರ್ಧೆ ಬರುತ್ತದೆ. ನಾಯಕನಿಗೆ ಮನ್ನಾ ಡೇ ದನಿ, ಎದುರಾಳಿಗೆ ಭೀಮಸೇನ ಜೋಶಿ ದನಿ. ಭೀಮಸೇನರನ್ನು ಸೋಲಿಸುವ ಹಾಗೆ ಹಾಡಬೇಕು ಅಂತ ತಿಳಿದಾಗ ಮನ್ನಾ ಡೇಗೆ ಊರು ಬಿಟ್ಟೇ ಓಡಿಹೋಗೋಣ ಅನ್ನಿಸಿತ್ತಂತೆ, ಅದನ್ನ ಅವರೇ ಹೇಳಿಕೊಂಡಿದ್ದಾರೆ. ಓಡಲಿಲ್ಲ. ಹಾಡಿದರು. ಕಥೆ ಪ್ರಕಾರ ಗೆದ್ದರು. ಮಾವ ಎದ್ದು ನಿಂತರು.

"ಯಾರಮ್ಮಾ ಇದನ್ನ ತೀರ್ಪು ಕೊಟ್ಟೋನು?"

"ಅದು ಕಥೆ ಮಾವ."

"ಕಥೆ ಆದ್ರೆ? ನಮ್ಮ ಗದಗಿನ ಭೀಮಸೇನರು ಸೋಲೋದಾ? ಕಿವಿ ಇದೆಯೇನಮ್ಮ ಆ ರಾಜನಿಗೆ?"

ಎಪ್ಪತ್ತು ವರ್ಷ ಹಳೆಯ ತೀರ್ಪಿನ ಮೇಲೆ ರಾತ್ರಿ ಹತ್ತೂವರೆಯವರೆಗೆ ಮೇಲ್ಮನವಿ ನಡೆಯಿತು. ಮಜ್ಜಿಗೆ ಕೊಟ್ಟು ಮಲಗಿಸಿದೆ.

ಮೂರನೇ ದಿನ ಅತ್ತೆ, "ಹಿಂದಿ ಸಾಕು, ಕೊಡಗಿನ ಕಿತ್ತಳೆ ತೋಟ ತೋರಿಸ್ತಾರಲ್ಲ, ಅದನ್ನ ಹಾಕು" ಅಂದರು. 'ಶರಪಂಜರ'. ಕಿತ್ತಳೆ ತೋಟವೇನೋ ಇದೆ, ಹೊಸ ಜೋಡಿಯ ಓಡಾಟವೂ ಇದೆ. ಆದರೆ ಪುಟ್ಟಣ್ಣನವರ ಸಿನಿಮಾದಲ್ಲಿ ಮೊದಲ ಅರ್ಧ ಗಂಟೆ ಎಲ್ಲರೂ ನಗುತ್ತಿದ್ದಾರೆ ಅಂದರೆ ಹುಷಾರಾಗಿರಬೇಕು. ಕೊನೆಗೆ ಕಲ್ಪನಾ ಮಾನಸಿಕ ಆಸ್ಪತ್ರೆಗೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು, ನಾನೂ ಅತ್ತೆ, ಮಗಳು ಬಂದು "ಯಾರು ಸತ್ತೋದ್ರು?" ಅಂತ ಕೇಳಿದಳು. ನಾಲ್ಕನೇ ದಿನ ಇವರ ಸರದಿ. ಚಿನ್ನಸ್ವಾಮಿಯಲ್ಲಿ ಗುಜರಾತ್ ಮೇಲೆ ಆರ್‌ಸಿಬಿ ಸೋತಿತು. ಅದೂ ಹಿಂದಿನ ವರ್ಷದವರೆಗೆ ನಮ್ಮವನೇ ಆಗಿದ್ದ ಸಿರಾಜ್ 3 ವಿಕೆಟ್ ತೆಗೆದ. ಒಟ್ಟಿನಲ್ಲಿ ನಾಲ್ಕು ದಿನಕ್ಕೆ ಮನೆಯಲ್ಲಿ ಎಲ್ಲರೂ ಒಂದೊಂದು ಸಲ ಅತ್ತ ಹಾಗಾಯಿತು.

ಐದನೇ ದಿನದ್ದು ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮಗಳ ಪರೀಕ್ಷೆ ಮುಗಿದಿತ್ತು. "ಮುಂಗಾರು ಮಳೆ ನೋಡೋಣ" ಅಂದಳು. ಅದು ವಸಂತ ಅಲ್ಲ ಕಣೇ, ಮಳೆಗಾಲ ಅಂದೆ. "ಅದು ಥಿಯೇಟರಿಗೆ ಬಂದಿದ್ದೇ ಡಿಸೆಂಬರಿನಲ್ಲಿ ಅಮ್ಮ, ಅದನ್ನ ಯಾರೂ ಕೇಳಲಿಲ್ಲ" ಅಂದಳು. ನಿಜ, 2006ರ ಡಿಸೆಂಬರ್ 29. ಇವಳಿಗೆ ಇದೆಲ್ಲ ಹೇಗೆ ಗೊತ್ತಿರುತ್ತೋ, ಸಮಾಜ ವಿಜ್ಞಾನದಲ್ಲಿ ಒಂದು ಇಸವಿ ನೆನಪಿರಲ್ಲ.

ಸಂಜೆ ನಾಲ್ಕಕ್ಕೇ ಹಾಕಿದೆವು. ಅವತ್ತು ಬೆಳಗ್ಗೆ ಅತ್ತೆ, ನಾನು ಸೇರಿ ಮೂರು ಸೇರು ಸಬ್ಬಕ್ಕಿ ಸಂಡಿಗೆ ಇಟ್ಟಿದ್ದೆವು. ತಾರಸಿಯ ಮೇಲೆ, ಮಾವನ ಹಳೇ ಪಂಚೆ ಹಾಸಿ, ಕಾಗೆ ಬರದ ಹಾಗೆ ಕಪ್ಪು ಕೊಡೆ ಬಿಚ್ಚಿಟ್ಟು. ಗಣೇಶ್ ನೆನೆಯುತ್ತಿದ್ದ. ಪೂಜಾ ಗಾಂಧಿ ನೆನೆಯುತ್ತಿದ್ದಳು. ದೇವದಾಸ ಅನ್ನೋ ಆ ಮೊಲವೂ ನೆನೆಯುತ್ತಿತ್ತು. ಮಳೆಯ ಸದ್ದು ಎಷ್ಟು ಚೆನ್ನಾಗಿತ್ತು ಅಂದರೆ, "ಹೊಸ ಸೌಂಡ್‌ಬಾರ್‌ಗೆ ಕೊಟ್ಟ ದುಡ್ಡು ದಂಡ ಆಗಲಿಲ್ಲ" ಅಂತ ನಾನೇ ಹೇಳಿದೆ. ಮಣ್ಣಿನ ವಾಸನೆ ಕೂಡ ಬರ್ತಿದೆ ಅಂತ ಮಗಳು ಹೇಳಿದಳು. ಎಲ್ಲರೂ ನಕ್ಕೆವು. ಕರೆಂಟು ಹೋಯಿತು. ಟಿವಿ ಆರಿತು. ಮಳೆ ಸದ್ದು ನಿಲ್ಲಲಿಲ್ಲ.

ಅತ್ತೆ ಮಂಡಿನೋವು ಮರೆತು ಓಡಿದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ. ಮೇಲೆ ಹೋಗಿ ನೋಡಿದರೆ ಕೊಡೆ ಪಕ್ಕದ ಮನೆಯ ತಾರಸಿಯಲ್ಲಿತ್ತು, ಸಂಡಿಗೆ ಮತ್ತೆ ಗಂಜಿಯಾಗಿ ಪೈಪಿನ ಕಡೆ ಹರಿಯುತ್ತಿತ್ತು. ಮಾವ ಕಿಟಕಿಯಿಂದಲೇ, "ಅಶ್ವಿನಿ ಮಳೆಗೆ ಇನ್ನೂ ಹತ್ತು ದಿನ ಇದೆಯಲ್ಲ, ಇದ್ಯಾವುದು?" ಅಂತ ಪಂಚಾಂಗ ತಿರುಗಿಸುತ್ತಿದ್ದರು. ಪೈಪು ಕಟ್ಟಿಕೊಂಡು ಮರುದಿನ ಕೊಳಾಯಿ ರಿಪೇರಿಯವನನ್ನು ಕರೆಸಬೇಕಾಯಿತು. "ಏನ್ ಮೇಡಂ, ಒಳಗೆ ಪಾಯಸ ಇದೆ" ಅಂದ.

ಆರನೇ ದಿನ ಜಪಾನಿನ ಓಜು ಮಾಡಿದ 'ಲೇಟ್ ಸ್ಪ್ರಿಂಗ್', 1949. ಅತ್ತೆಗೆ ಇಂಗ್ಲಿಷ್ ಸಬ್‌ಟೈಟಲ್ ಓದೋಕೆ ಬರಲ್ಲ. ಹಾಗಾಗಿ ಎಲ್ಲರ ಮಾತನ್ನೂ ನಾನೇ ಕನ್ನಡದಲ್ಲಿ ಹೇಳುತ್ತಾ ಹೋದೆ. ಅಪ್ಪನದು, ಮಗಳದು, ಸೋದರತ್ತೆಯದು. ಕೊನೆಗೆ ಗಂಟಲು ಕಟ್ಟಿ ಮೂವರೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದರು. ಆದರೆ ಒಂದು ವಿಚಿತ್ರ ನಡೆಯಿತು. ಯಾರೂ ಎದ್ದು ಹೋಗಲಿಲ್ಲ. ಅಪ್ಪನನ್ನು ಬಿಟ್ಟು ಹೋಗೋಕೆ ಮನಸ್ಸಿಲ್ಲದ ಮಗಳು, ಅವಳು ಮದುವೆಯಾಗಲಿ ಅಂತ ತಾನೇ ಇನ್ನೊಂದು ಮದುವೆ ಆಗ್ತೀನಿ ಅಂತ ಸುಳ್ಳು ಹೇಳೋ ಅಪ್ಪ. ಕೊನೆಗೆ ಅಪ್ಪ ಒಬ್ಬನೇ ಕೂತು ಸೇಬಿನ ಸಿಪ್ಪೆ ಸುಲಿಯುತ್ತಾನೆ. ಅಷ್ಟೇ. ಅತ್ತೆ ಸುಮಾರು ಹೊತ್ತು ಸುಮ್ಮನಿದ್ದು, "ನನ್ನ ಕಳಿಸಿದ ದಿನ ನಮ್ಮಪ್ಪ ಹೀಗೇ ಜಗಲಿ ಮೇಲೆ ಅಡಿಕೆ ಕತ್ತರಿಸ್ತಾ ಕೂತಿದ್ರಂತೆ" ಅಂದರು. ಇಡೀ ಸಿನಿಮಾದಲ್ಲಿ ಒಂದು ಹೂದೋಟ ಇರಲಿಲ್ಲ ಅಂತ ನನಗೆ ಹೊಳೆದದ್ದು ಪಾತ್ರೆ ತೊಳೆಯುವಾಗ.

ಈ ಯಶಸ್ಸು ತಲೆಗೇರಿತು. ಶನಿವಾರಕ್ಕೆ ಕೊರಿಯಾದ್ದು ಹಾಕೋಣ ಅಂತ ತೀರ್ಮಾನಿಸಿದೆ. ಕಿಮ್ ಕಿ-ಡುಕ್ 2003ರಲ್ಲಿ ಮಾಡಿದ್ದು, ವಸಂತ, ಬೇಸಿಗೆ, ಶರತ್ಕಾಲ, ಚಳಿಗಾಲ ಮತ್ತೆ ವಸಂತ, ಇಷ್ಟೂ ಹೆಸರಿನಲ್ಲೇ ಇದೆ. ಎರಡೆರಡು ವಸಂತ! ನಾನು ಹಿಂದೊಮ್ಮೆ ನೋಡಿದ್ದೆ. ಅಂದರೆ, ಈಗ ಸತ್ಯ ಹೇಳಿಬಿಡ್ತೀನಿ, ಮೊದಲ ವಸಂತ ಮುಗಿಯೋವರೆಗೆ ನೋಡಿ ನಿದ್ದೆ ಮಾಡಿದ್ದೆ. "ಬೆಟ್ಟದ ನಡುವೆ ಸರೋವರ, ನೀರಿನ ಮೇಲೆ ತೇಲೋ ದೇವಸ್ಥಾನ, ಒಬ್ಬ ವಯಸ್ಸಾದ ಬೌದ್ಧ ಸನ್ಯಾಸಿ, ಒಂದು ಪುಟ್ಟ ಹುಡುಗ" ಅಂತ ವರ್ಣಿಸಿದೆ. ಮಾವನಿಗೆ ಎಷ್ಟು ಇಷ್ಟವಾಯಿತು ಅಂದರೆ ವಾಕಿಂಗ್ ಗೆಳೆಯರಾದ ನಿವೃತ್ತ ಸಂಸ್ಕೃತ ಮೇಷ್ಟ್ರನ್ನೂ ಕರೆದರು.

ಮೊದಲ ಭಾಗ ಅದ್ಭುತ. ಹುಡುಗ ಮೀನು, ಕಪ್ಪೆ, ಹಾವಿಗೆ ಕಲ್ಲು ಕಟ್ಟಿ ನಗುತ್ತಾನೆ, ಗುರು ಅವನ ಬೆನ್ನಿಗೇ ಕಲ್ಲು ಕಟ್ಟುತ್ತಾನೆ. "ಕರ್ಮ ಸಿದ್ಧಾಂತ!" ಅಂದರು ಮಾವ. ಅತ್ತೆಯ ಚಿಂತೆ ಬೇರೆ. ಆ ದೇವಸ್ಥಾನದೊಳಗೆ ಗೋಡೆ ಇಲ್ಲ, ಬರೀ ಬಾಗಿಲು. ಎಲ್ಲರೂ ಆ ಬಾಗಿಲನ್ನೇ ತೆಗೆದು ಹಾಕಿ ಓಡಾಡುತ್ತಾರೆ. "ಯಾವ ಮೇಸ್ತ್ರಿ ಕಟ್ಟಿದ್ದೇ ಇದು?" ಅಂದರು. ಮೇಷ್ಟ್ರು ಮಾತ್ರ ಗಂಭೀರವಾಗಿ, "ಕಾಳಿದಾಸನ ಋತುಸಂಹಾರ ಗ್ರೀಷ್ಮದಿಂದ ಶುರುವಾಗಿ ವಸಂತಕ್ಕೆ ಮುಗಿಯುತ್ತೆ. ಇವನು ವಸಂತದಿಂದಲೇ ಹಿಡಿದಿದ್ದಾನೆ, ಭೇಷ್" ಅಂದರು. ತೆರೆಯ ಮೇಲೆ ಬೇಸಿಗೆ ಅಂತ ಬಂದಾಗ ಕುರ್ಚಿ ಮುಂದಕ್ಕೆಳೆದು, "ಹಾಂ, ಈಗ ಗ್ರೀಷ್ಮ!"

ಹುಡುಗ ಈಗ ಯುವಕ. ಕಾಯಿಲೆ ವಾಸಿ ಮಾಡಿಕೊಳ್ಳೋಕೆ ಒಬ್ಬ ಹುಡುಗಿ ಆಶ್ರಮಕ್ಕೆ ಬಂದಳು. ಆಮೇಲೆ ಸರೋವರದ ದಂಡೆ, ಬಂಡೆ, ಇಬ್ಬರೇ.

ನನಗೆ ಅರ್ಥವಾಗೋ ಹೊತ್ತಿಗೆ ತಡವಾಗಿತ್ತು. ರಿಮೋಟ್ ಎಲ್ಲಿ ಅಂತ ಹುಡುಕಿದೆ. ಮಾವ ಅದರ ಮೇಲೆ ಕೂತಿದ್ದರು. ಗಾಬರಿಯಲ್ಲಿ ಅಲ್ಲೇ ಮಿಸುಕಾಡಿದ್ದಕ್ಕೆ ವಾಲ್ಯೂಮ್ ಮೂವತ್ತೆಂಟಕ್ಕೆ ಏರಿತು. ಆ ಸೌಂಡ್‌ಬಾರ್ ಬೇರೆ. ಇವರು ಎದ್ದು ಓಡಿ ಗೋಡೆಯ ಸ್ವಿಚ್ ಒತ್ತಿದರು. ಲೈಟ್ ಆರಿತು. ಟಿವಿ ಆರಲಿಲ್ಲ. ಕತ್ತಲೆ ಕೋಣೆಯಲ್ಲಿ ಐವತ್ತೈದು ಇಂಚಿನ ಗ್ರೀಷ್ಮ ಋತು, ನಮ್ಮೆಲ್ಲರ ಮುಖದ ಮೇಲೂ ಅದರದೇ ಬೆಳಕು. ಪುಣ್ಯಕ್ಕೆ ಮಗಳು ಒಳಗೆ ಮಲಗಿದ್ದಳು. ಅತ್ತೆ "ಅದಕ್ಕೇ ಹೇಳಿದ್ದು, ಗೋಡೆ ಇರಬೇಕು ಅಂತ" ಅಂದರು.

ಕೊನೆಗೆ ನಾನೇ ಪ್ಲಗ್ ಕಿತ್ತೆ. ಲೈಟ್ ಹಾಕಿದ ಮೇಲೆ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕೋಸಂಬರಿ ಬೇಕಾ ಅಂತ ಕೇಳಿದೆ, ನಾಳೆಗೆ ಅಂತ ಹೆಸರುಬೇಳೆ ಇನ್ನೂ ನೆನೆಸಿಯೇ ಇರಲಿಲ್ಲ. ಮೇಷ್ಟ್ರು ಚಪ್ಪಲಿ ಹಾಕಿಕೊಳ್ಳುತ್ತಾ ನನ್ನನ್ನು ಸಮಾಧಾನ ಮಾಡಿದರು. "ಬೇಜಾರು ಮಾಡ್ಕೋಬೇಡಮ್ಮ. ಕಾಳಿದಾಸನಲ್ಲೂ ಇದೆಲ್ಲ ಇದೆ. ಆದ್ರೆ ಅಲ್ಲಿ ಅನ್ವಯ ಮಾಡೋಷ್ಟರಲ್ಲಿ ಗಂಟೆ ಹೊಡೆದುಬಿಡುತ್ತೆ."

ಮರುದಿನ ರಾಮನವಮಿ. ಪಾನಕ, ಮಜ್ಜಿಗೆ, ಟಿವಿಗೆ ರಜ. ತಂಗಿ ಇನ್ನೂ ಇಪ್ಪತ್ತು ಫೋಟೋ ಕಳಿಸಿದ್ದಳು, ನಾನು ತೆಗೆದು ನೋಡಲಿಲ್ಲ.

ಅದಾದ ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಹೊಂಗೆ ಮರದಲ್ಲಿ ಕೋಗಿಲೆ ಶುರು ಮಾಡಿತು. ಕವಿಗಳ್ಯಾರೂ ಆ ಮರದ ಪಕ್ಕದ ರೂಮಿನಲ್ಲಿ ಮಲಗಿದವರಲ್ಲ. ನೀರು ಕುಡಿಯೋಣ ಅಂತ ಎದ್ದು ಬಂದರೆ ಹಾಲ್‌ನಲ್ಲಿ ಸಣ್ಣ ಬೆಳಕು. ಮಾವ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಮ್ಮಗಳ ಟ್ಯಾಬ್ ಹಿಡಿದುಕೊಂಡು ಕೂತಿದ್ದರು. ತೆರೆಯ ತುಂಬ ಹಿಮ. ನನ್ನನ್ನು ನೋಡಿ ಬೆಚ್ಚಿದರು.

"ಚಳಿಗಾಲ ಬಂತಮ್ಮ" ಅಂದರು. "ಸೊಂಟಕ್ಕೆ ಕಲ್ಲು ಕಟ್ಟಿಕೊಂಡು ಬೆಟ್ಟ ಹತ್ತುತ್ತಾ ಇದಾನೆ. ಕರ್ಮ."

"ಹೌದಾ ಮಾವ."

"ಬೇಸಿಗೇನ ಓಡಿಸಿಬಿಟ್ಟೆ" ಅಂದರು, ನಾನು ಕೇಳದಿದ್ದರೂ.

ರೂಮಿನ ಕತ್ತಲೆಯಿಂದ ಅತ್ತೆಯ ದನಿ ಬಂತು. "ಓಡಿಸೋಕೆ ಗೊತ್ತಿದ್ದಿದ್ದರೆ ಮೊನ್ನೆನೇ ಓಡಿಸ್ತಿದ್ದಿರಿ."