ನಿಮ್ಮ ವಾರಂಟ್ ನೀವೇ ಹುಡುಕಿಕೊಳ್ಳಿ

ಬೆಂಗಳೂರಿನಲ್ಲಿ ನಿಮ್ಮ ಸ್ಕೂಟರ್ ಸಿಗ್ನಲ್ಲಿನ ಬಿಳಿ ಗೆರೆಯನ್ನು ಒಂದು ಗೇಣು ದಾಟಿದರೂ ಸರ್ಕಾರಕ್ಕೆ ಗೊತ್ತಾಗುತ್ತದೆ. ಫೋಟೊ ಇರುತ್ತದೆ, ತಾರೀಕು ಇರುತ್ತದೆ, ಯಾವ ಜಂಕ್ಷನ್ ಅಂತ ಇರುತ್ತದೆ, ಹಿಂದೆ ಕೂತವರು ಹೆಲ್ಮೆಟ್ ಹಾಕಿಲ್ಲ ಅಂತಲೂ ಇರುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಜನ ಆಷಾಢದ ಸೀರೆ ಸೇಲಿಗೆ ನುಗ್ಗಿದ ಹಾಗೆ ನುಗ್ಗಿದರು. 2025ರ ಆಗಸ್ಟ್‌ನಲ್ಲಿ ಅದೇ ರಿಯಾಯಿತಿ ಮತ್ತೆ ಬಂತು. ಈಗ ದಂಡ ಬಿದ್ದರೆ ಕಟ್ಟುವವರಿಗಿಂತ ಮುಂದಿನ ಸೇಲಿಗೆ ಕಾಯುವವರೇ ಜಾಸ್ತಿ ಇರಬೇಕು.

ಇಷ್ಟೆಲ್ಲ ಲೆಕ್ಕ ಇಟ್ಟಿರುವ ಊರಿನಲ್ಲಿ ‘ನನ್ನ ಮೇಲೆ ಅರೆಸ್ಟ್ ವಾರಂಟ್ ಏನಾದರೂ ಇದೆಯಾ ಸ್ವಾಮಿ?’ ಅಂತ ಒಂದು ಸಣ್ಣ ಪ್ರಶ್ನೆ ಇಟ್ಟುಕೊಂಡು ಹೊರಡಿ. ಆಗ ಗೊತ್ತಾಗುತ್ತದೆ ಮಜಾ.

ಅಮೆರಿಕದಲ್ಲಿರುವ ನಮ್ಮವರು ಇದನ್ನು ಕೇಳಿ ನಗುತ್ತಾರೆ. ಅಲ್ಲಿ ಎಷ್ಟೋ ಕೌಂಟಿಗಳಲ್ಲಿ ಶೆರಿಫ್ ಕಚೇರಿಯ ವೆಬ್‌ಸೈಟಿಗೆ ಹೋಗಿ ಹೆಸರು ಹೊಡೆದರೆ ಯಾರು ಜೈಲಿನಲ್ಲಿದ್ದಾರೆ ಅಂತ ಬಂದುಬಿಡುತ್ತದೆ, ಕೆಲವು ಕಡೆ ಕೆದರಿದ ಕೂದಲಿನ ಫೋಟೊ ಸಮೇತ. ಅದೂ ಒಂದು ರೋಗವೇ ಬಿಡಿ. ಆ ಫೋಟೊಗಳನ್ನು ಎತ್ತಿಕೊಂಡು ತಮ್ಮ ಸೈಟಿಗೆ ಹಾಕಿ, ತೆಗೆಯಬೇಕಾದರೆ ದುಡ್ಡು ಕೊಡಿ ಅಂದ ಪುಣ್ಯಾತ್ಮರೂ ಅಲ್ಲಿದ್ದರು. ಹಾಗಾಗಿ ಅವರದ್ದು ಸ್ವರ್ಗ, ನಮ್ಮದು ನರಕ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಊರವರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಆರೋಪಿಗೇ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಇರುವುದು ಕೋರ್ಟ್ ಕೇಸುಗಳ ವಿವರ ತೋರಿಸುವ ಇ-ಕೋರ್ಟ್ಸ್ ವೆಬ್‌ಸೈಟು. ಒಳ್ಳೆಯ ಸೈಟು, ನಿಜವಾಗಿಯೂ ಕೆಲಸ ಮಾಡುತ್ತದೆ, ಆಡಿಕೊಳ್ಳಬಾರದು. ಆದರೆ ಅದರ ಜೊತೆ ಮಾತಾಡುವುದಕ್ಕೆ ಮೊದಲು ನಿಮ್ಮ ಹತ್ತಿರ ಎಲ್ಲ ಉತ್ತರ ಇರಬೇಕು. ಮೊದಲನೆಯದಾಗಿ ಸಿಎನ್‌ಆರ್ ನಂಬರ್, ಅಂದರೆ ಒಂದೊಂದು ಕೇಸಿಗೂ ಕೊಟ್ಟಿರುವ ಗುರುತಿನ ನಂಬರ್ ಕೇಳುತ್ತದೆ. ಅಕ್ಷರ, ಅಂಕಿ ಸೇರಿ 16. ಈ ನಂಬರ್ ನಿಮ್ಮ ಜೇಬಿನಲ್ಲಿದ್ದರೆ ಕೇಸ್ ಇದೆ ಅಂತ ನಿಮಗೆ ಮೊದಲೇ ಗೊತ್ತು, ಇನ್ನು ಹುಡುಕುವುದು ಯಾಕೆ? ಸರಿ, ಎಫ್‌ಐಆರ್ ಮೂಲಕ ಹುಡುಕೋಣ ಅಂದರೆ ಯಾವ ಠಾಣೆ, ಎಫ್‌ಐಆರ್ ನಂಬರ್ ಎಷ್ಟು, ಯಾವ ವರ್ಷ ಅಂತ ಕೇಳುತ್ತದೆ. ಎಫ್‌ಐಆರ್ ಹುಡುಕಲು ಎಫ್‌ಐಆರ್ ನಂಬರ್ ಬೇಕು. ಠಾಣೆಯ ಹೆಸರಾದರೂ ಊಹೆ ಮಾಡೋಣ ಅಂದರೆ ಬೆಂಗಳೂರಿನಲ್ಲಿ ಅದೂ ಸುಲಭ ಇಲ್ಲ. ಹಲಸೂರು ಗೇಟ್ ಠಾಣೆ ಹಲಸೂರಿನಲ್ಲಿಲ್ಲ, ಕಾರ್ಪೊರೇಷನ್ ಸರ್ಕಲ್ ಕಡೆ ಇದೆ. ಹಲಸೂರಿನಲ್ಲಿರುವುದು ಹಲಸೂರು ಠಾಣೆ, ಅದು ಬೇರೆ. ನಿಮ್ಮ ತಪ್ಪು ಯಾರ ಲಿಮಿಟ್ಸ್‌ನಲ್ಲಿ ನಡೆಯಿತು ಅಂತ ತಪ್ಪು ಮಾಡುವಾಗಲೇ ಬರೆದಿಟ್ಟುಕೊಂಡಿದ್ದರೆ ಒಳ್ಳೆಯದಿತ್ತು.

ಇನ್ನು ಹೆಸರಿನ ಹುಡುಕಾಟ. ಇದು ನೋಡಲು ಪಾಪದ್ದು. ಹೆಸರು ಹಾಕಿ, ವರ್ಷ ಹಾಕಿ, ಕ್ಯಾಪ್ಚಾ ಹಾಕಿ ಅಷ್ಟೇ. ಯಾವ ವರ್ಷ? ನಿಮ್ಮ ಮೇಲೆ ಕೇಸ್ ದಾಖಲಾದ ವರ್ಷ. ಗೊತ್ತಿಲ್ಲವಾ? ಹಾಗಾದರೆ ಒಂದೊಂದೇ ವರ್ಷ ಹಾಕುತ್ತಾ ಬನ್ನಿ. ಯಾವ ಕೋರ್ಟ್ ಕಾಂಪ್ಲೆಕ್ಸ್ ಅಂತಲೂ ಆರಿಸಬೇಕು. ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಾ, ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ಕೋರ್ಟಾ, ಮೇಯೋ ಹಾಲಾ, ಅದು ನಿಮ್ಮ ಅದೃಷ್ಟ. ಈಗ ನಿಮ್ಮ ಹೆಸರು ಮಂಜುನಾಥ ಅಂತಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಹೊಡೆಯುವಾಗ ಕೊನೆಗೆ ಒಂದು ‘ಎ’ ಇದೆಯೋ ಇಲ್ಲವೋ, ಇನಿಷಿಯಲ್ ಮುಂದಿದೆಯೋ ಹಿಂದಿದೆಯೋ, ಆ ದಿನ ಟೈಪ್ ಮಾಡಿದವರ ಮೂಡ್ ಹೇಗಿತ್ತೋ, ಇದರ ಮೇಲೆ ನಿಮ್ಮ ಸ್ವಾತಂತ್ರ್ಯ ನಿಂತಿದೆ. ಊರಿನ ಮಂಜುನಾಥರೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ. ಅವರಲ್ಲಿ ನೀವು ಯಾರು ಅಂತ ನೀವೇ ಗುರುತು ಹಿಡಿಯಬೇಕು. ಈ ವಿಷಯದಲ್ಲಿ ನಮ್ಮ ರೌಡಿಗಳು ಎಷ್ಟೋ ವಾಸಿ. ‘ಮಂಜುನಾಥ ಅಲಿಯಾಸ್ ಮಂಜ ಅಲಿಯಾಸ್ ದಡಿಯ ಮಂಜ’ ಅಂತ ಪೊಲೀಸರೇ ಬರೆದಿರುತ್ತಾರೆ, ಕನ್‌ಫ್ಯೂಷನ್ನೇ ಇಲ್ಲ. ಮರ್ಯಾದಸ್ಥರಿಗೆ ಅಲಿಯಾಸ್ ಇರುವುದಿಲ್ಲ, ಅದೇ ತೊಂದರೆ.

ಹಾಗೂ ಹೀಗೂ ನಿಮ್ಮ ಕೇಸ್ ಸಿಕ್ಕಿತು ಅನ್ನಿ. ‘ವಾರಂಟ್’ ಅಂತ ಕೆಂಪು ಅಕ್ಷರದಲ್ಲಿ ಮಿನುಗುತ್ತದೆ ಅಂದುಕೊಳ್ಳಬೇಡಿ. ಹಳೆಯ ಹಿಯರಿಂಗ್ ತಾರೀಕುಗಳ ಮೇಲೆ ಒಂದೊಂದಾಗಿ ಒತ್ತಬೇಕು. ಅಲ್ಲಿ ಎರಡು ಸಾಲು ಇರುತ್ತದೆ: ‘ಎ1 ಆಬ್ಸೆಂಟ್. ಇಪಿ ರಿಜೆಕ್ಟೆಡ್. ಇಶ್ಯೂ ಎನ್‌ಬಿಡಬ್ಲ್ಯು.’ ಎ1 ಅಂದರೆ ಒಂದನೇ ಆರೋಪಿ, ಅಂದರೆ ನೀವು. ಇಪಿ ಅಂದರೆ ‘ಇವತ್ತು ನಮ್ಮ ಕಕ್ಷಿದಾರರಿಗೆ ಹುಷಾರಿಲ್ಲ, ಬರಲಾಗಲಿಲ್ಲ’ ಅಂತ ವಕೀಲರು ಹಾಕುವ ಅರ್ಜಿ. ಎನ್‌ಬಿಡಬ್ಲ್ಯು ಅಂದರೆ ಜಾಮೀನುರಹಿತ ವಾರಂಟ್. ಬಸ್ ಟಿಕೆಟ್ಟಿನ ಹಿಂದೆ ಬರೆಯಬಹುದಾದಷ್ಟು ಚಿಕ್ಕ ಈ ಸಾಲು ನಿಮ್ಮನ್ನು ಪರಪ್ಪನ ಅಗ್ರಹಾರದವರೆಗೆ ಕರೆದುಕೊಂಡು ಹೋಗಬಲ್ಲದು.

ಅರೆ, ನನಗೆ ಸಮನ್ಸೇ ಬಂದಿಲ್ಲವಲ್ಲ ಅಂತೀರಾ? ಬಂದಿರುತ್ತದೆ. ನಿಮ್ಮ ಹಳೆಯ ಬಾಡಿಗೆ ಮನೆಗೆ. ಬೆಂಗಳೂರಿನಲ್ಲಿ ಬಾಡಿಗೆ ಅಗ್ರಿಮೆಂಟ್ ಹನ್ನೊಂದು ತಿಂಗಳದ್ದು. ವಾರಂಟಿಗೆ ಅವಧಿಯೇ ಇಲ್ಲ. ಹೊರಡಿಸಿದ ಕೋರ್ಟ್ ರದ್ದು ಮಾಡುವವರೆಗೆ ಅಥವಾ ಜಾರಿ ಆಗುವವರೆಗೆ ಅದು ಜೀವಂತ ಅಂತ ಕಾನೂನೇ ಹೇಳುತ್ತದೆ. ಚೆಕ್ ಬೌನ್ಸ್ ಕೇಸುಗಳಲ್ಲಿ ಇದು ಮಾಮೂಲು. ಎಂದೋ ಯಾರಿಗೋ ಕೊಟ್ಟ ಚೆಕ್ಕು, ಅದರ ಮೇಲೆ ಸೆಕ್ಷನ್ 138, ಚೆಕ್ ಕೊಟ್ಟಾಗಿನ ವಿಳಾಸ. ಠಾಣೆಯ ವಾರಂಟ್ ಪಿಸಿ, ಅಂದರೆ ವಾರಂಟ್ ಜಾರಿ ಮಾಡುವ ಕಾನ್‌ಸ್ಟೆಬಲ್, ಆ ವಿಳಾಸಕ್ಕೆ ಹೋಗುತ್ತಾರೆ. ಓನರ್ ಹೊರಗೆ ಬಂದು, “ಅವ್ರು ಖಾಲಿ ಮಾಡಿ ಎರಡು ವರ್ಷ ಆಯ್ತು ಸಾರ್, ಎಲ್ಲಿಗೆ ಹೋದ್ರೋ ಗೊತ್ತಿಲ್ಲ, ಪೇಂಟಿಂಗ್ ದುಡ್ಡಂತೂ ಅಡ್ವಾನ್ಸ್‌ನಲ್ಲಿ ಕಟ್ ಮಾಡ್ಕೊಂಡಿದೀನಿ” ಅನ್ನುತ್ತಾರೆ. ಕೋರ್ಟಿನ ದಾಖಲೆಯಲ್ಲಿ ನೀವು ನಾಪತ್ತೆ. ಅಷ್ಟು ಹೊತ್ತಿಗೆ ನೀವು ಅಲ್ಲೇ ಎರಡು ಬೀದಿ ಆಚೆ ಹೊಸ ಮನೆಯಲ್ಲಿ ಕೂತು, ಕ್ರಿಮಿನಲ್‌ಗಳನ್ನೆಲ್ಲ ಯಾಕೆ ಹೊರಗೆ ಬಿಟ್ಟಿದ್ದಾರೋ ಅಂತ ಟಿವಿ ನೋಡುತ್ತಾ ಬೈಯುತ್ತಿರುತ್ತೀರಿ.

ಇಷ್ಟಕ್ಕೂ ಜಾಣರು ಮಾಡುವುದು ಬೇರೆ. ಕೆ.ಜಿ. ರಸ್ತೆಯ ಕೋರ್ಟ್ ಹತ್ತಿರ ವಕೀಲರ ಗುಮಾಸ್ತರೊಬ್ಬರನ್ನು ಹಿಡಿಯುತ್ತಾರೆ. ಒಂದು ಕಾಫಿ ಮುಗಿಯುವುದರೊಳಗೆ ಯಾವ ಹಾಲ್, ಯಾವ ನಂಬರ್, ವಾರಂಟ್ ಹೊರಟಿದೆಯೋ ಇನ್ನೂ ಟೇಬಲ್ ಮೇಲಿದೆಯೋ ಅಂತ ಎಲ್ಲ ಬರುತ್ತದೆ. ಇದಕ್ಕೆ ಕ್ಯಾಪ್ಚಾ ಇಲ್ಲ. ಆಮೇಲೆ ವಕೀಲರ ಜೊತೆ ಹೋಗಿ, ಕೈಕಟ್ಟಿ ನಿಂತು, ವಾರಂಟ್ ವಾಪಸ್ ತೆಗೆದುಕೊಳ್ಳಿ ಅಂತ ರೀಕಾಲ್ ಅರ್ಜಿ ಹಾಕಿ, ಕೋರ್ಟ್ ಹೇಳಿದರೆ ದಂಡ ಕಟ್ಟಿ ಬರುವುದು. ಇದಕ್ಕಿನ್ನೂ 50 ಪರ್ಸೆಂಟ್ ರಿಯಾಯಿತಿ ಬಂದಿಲ್ಲ.

ಇದು ವಾರಂಟಿನ ಕಥೆ. ಅರೆಸ್ಟ್ ಆದವರ ಪಟ್ಟಿ ಬೇಕು ಅಂದರೆ? ಕಾಗದದ ಮೇಲೆ ನೋಡಿದರೆ ನಾವು ಅಮೆರಿಕಕ್ಕಿಂತ ಕಡಿಮೆ ಏನಿಲ್ಲ. 1996ರಲ್ಲಿ ಡಿ.ಕೆ. ಬಸು ಕೇಸಿನಲ್ಲಿ ಸುಪ್ರೀಂ ಕೋರ್ಟು ಹೇಳಿತು: ಯಾರನ್ನಾದರೂ ಬಂಧಿಸಿದರೆ 12 ಗಂಟೆಯೊಳಗೆ ಕಂಟ್ರೋಲ್ ರೂಮಿಗೆ ತಿಳಿಸಬೇಕು, ಅದು ನೋಟಿಸ್ ಬೋರ್ಡಿನಲ್ಲಿ ಕಾಣಬೇಕು. ಆಮೇಲೆ ಅದು ಸಿಆರ್‌ಪಿಸಿ ಅನ್ನುವ ದಂಡ ಪ್ರಕ್ರಿಯಾ ಸಂಹಿತೆಯ ಒಳಗೇ ಬಂತು. ಅದರ ಜಾಗಕ್ಕೆ 2024ರ ಜುಲೈ 1ರಿಂದ ಜಾರಿಯಾದ ಬಿಎನ್‌ಎಸ್‌ಎಸ್‌ನ 37ನೇ ಸೆಕ್ಷನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂಧಿತರ ಹೆಸರು, ವಿಳಾಸ, ಯಾವ ಅಪರಾಧ ಅಂತ ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಹಾಕಬೇಕು, ಡಿಜಿಟಲ್ ರೂಪದಲ್ಲೂ ಹಾಕಬಹುದು ಅಂದಿದೆ. ಅದಕ್ಕೆ ಅಂತಲೇ ಎಎಸ್‌ಐ ದರ್ಜೆಗೆ ಕಡಿಮೆ ಇಲ್ಲದ ಒಬ್ಬ ಅಧಿಕಾರಿ ಇರಬೇಕು. ಮುಂದಿನ ಸಲ ಪಾಸ್‌ಪೋರ್ಟಿಗೋ ಕಳೆದುಹೋದ ಫೋನಿಗೋ ಠಾಣೆಗೆ ಹೋದಾಗ, ಆ ಬೋರ್ಡ್ ಎಲ್ಲಿದೆ ಅಂತ ಒಮ್ಮೆ ವಿಚಾರಿಸಿ ನೋಡಿ.

“ಯಾವ ಬೋರ್ಡು?”

“ಅರೆಸ್ಟ್ ಆದವರ ಹೆಸರಿನ ಬೋರ್ಡು ಸಾರ್.”

“ಯಾರು ಅರೆಸ್ಟ್ ಆಗಿರೋದು? ನಿಮ್ಮವರಾ?”

“ಇಲ್ಲ ಸಾರ್, ಸುಮ್ನೆ.”

“ಸುಮ್ನೆನಾ? ನಿಮ್ಮ ಹೆಸರೇನು? ಮನೆ ಎಲ್ಲಿ? ಕೂತ್ಕೊಳಿ ಇಲ್ಲಿ.”

ಸಾರ್ವಜನಿಕ ದಾಖಲೆ ನೋಡಲು ಹೋದವರ ದಾಖಲೆ ಮಾತ್ರ ಈ ಊರಿನಲ್ಲಿ ತಕ್ಷಣ ತಯಾರಾಗುತ್ತದೆ. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ವೆಬ್‌ಸೈಟಿಗೆ ಹಾಕಬೇಕು, ನೆಟ್‌ವರ್ಕ್ ತೊಂದರೆ ಇರುವ ಕಡೆ ಹೆಚ್ಚೆಂದರೆ 72 ಗಂಟೆ ಅಂತ 2016ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಲೈಂಗಿಕ ಅಪರಾಧ, ಭಯೋತ್ಪಾದನೆಯಂಥ ಸೂಕ್ಷ್ಮ ಕೇಸುಗಳಿಗೆ ವಿನಾಯಿತಿ ಇದೆ, ಅದು ಇರಲೇಬೇಕು. ಆದರೆ ಹಾಕಿದ್ದು ಕಣ್ಣಿಗೆ ಬೀಳಬೇಕು ಅಂತ ಬೇರೆಯಾಗಿ ಹೇಳಬೇಕಾಗಬಹುದು ಅಂತ ಪಾಪ ಅವರಿಗೆ ಹೊಳೆದಿರಲಿಕ್ಕಿಲ್ಲ.

ಆರ್‌ಟಿಐ ಹಾಕೋಣ ಅಂತೀರಾ? ಹಾಕಿ. ಹತ್ತು ರೂಪಾಯಿ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದೊಳಗೆ ಉತ್ತರ ಬರಬೇಕು, ತನಿಖೆಗೆ ಅಡ್ಡಿಯಾಗುತ್ತದೆ ಅಂದರೆ ಸೆಕ್ಷನ್ 8ರಲ್ಲಿ ಕೊಡದೆಯೂ ಇರಬಹುದು. ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆ ಆದರೆ 48 ಗಂಟೆ. ‘ನನ್ನನ್ನು ಹಿಡಿಯಲು ಬರುತ್ತಿದ್ದೀರಾ?’ ಅನ್ನುವುದು ಸ್ವಾತಂತ್ರ್ಯದ ಪ್ರಶ್ನೆಯೇ ಅಲ್ವಾ? ಇದನ್ನು ವಾದಿಸಿ ಗೆಲ್ಲುವಷ್ಟರಲ್ಲಿ ಉತ್ತರ ಮನೆ ಬಾಗಿಲಿಗೇ ಬಂದಿರಬಹುದು, ಯೂನಿಫಾರಂ ಹಾಕಿಕೊಂಡು.

ಇನ್ನೂ ಒಂದು ದಾರಿ ಇದೆ. ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲ್ಲಿನಲ್ಲಿ ಪೊಲೀಸ್ ವೆರಿಫಿಕೇಶನ್ ಸರ್ಟಿಫಿಕೇಟಿಗೆ ಅರ್ಜಿ ಹಾಕುವುದು. ನಿಮ್ಮ ಮೇಲೆ ಏನೂ ಇಲ್ಲದಿದ್ದರೆ ಸರ್ಟಿಫಿಕೇಟ್ ಸಿಗುತ್ತದೆ. ಏನಾದರೂ ಇದ್ದರೆ, ಇಷ್ಟು ದಿನ ಸಿಗದಿದ್ದ ಈಗಿನ ವಿಳಾಸ, ಫೋನ್ ನಂಬರ್, ಫೋಟೊ ಎಲ್ಲವನ್ನೂ ಫೀಸ್ ಸಮೇತ ನೀವೇ ಕೊಟ್ಟಂತಾಯಿತು. ವಾರಂಟ್ ಪಿಸಿಗೆ ಇದಕ್ಕಿಂತ ದೊಡ್ಡ ಉಪಕಾರ ಯಾರೂ ಮಾಡಿರುವುದಿಲ್ಲ.

ಒಂದೇ ಒಂದು ಜಾತಿಯ ಜನರ ಕೇಸುಗಳು ಮಾತ್ರ ಪಟಪಟ ಅಂತ ಸಿಗುತ್ತವೆ. ಅವರು ಚುನಾವಣೆಗೆ ನಿಂತವರು. ಚುನಾವಣಾ ಆಯೋಗದ ವೆಬ್‌ಸೈಟಿಗೆ ಹೋಗಿ ನಮೂನೆ 26ರ ಅಫಿಡವಿಟ್ ತೆಗೆದರೆ ಯಾವ ಠಾಣೆ, ಯಾವ ಸೆಕ್ಷನ್, ಯಾವ ಕೋರ್ಟು ಎಲ್ಲ ಅವರೇ ಬರೆದು ಸಹಿ ಹಾಕಿರುತ್ತಾರೆ. ಸುಪ್ರೀಂ ಕೋರ್ಟಿನ 2018ರ ತೀರ್ಪಿನ ನಂತರ ಪೇಪರಿನಲ್ಲೂ ಟಿವಿಯಲ್ಲೂ ಜಾಹೀರಾತು ಕೊಡಬೇಕು. 2020ರಿಂದ ಪಕ್ಷಗಳು, ಕೇಸ್ ಇಲ್ಲದ ಬೇರೆ ಯಾರೂ ನಿಮಗೆ ಸಿಗಲಿಲ್ಲವಾ ಅನ್ನುವುದಕ್ಕೂ ಕಾರಣ ಕೊಡಬೇಕು. ‘ಗೆಲ್ಲುತ್ತಾರೆ’ ಅನ್ನುವುದು ಒಂದೇ ಕಾರಣ ಆಗಬಾರದು ಅಂತ ಕೋರ್ಟು ಹೇಳಿರುವುದರಿಂದ ಬೇರೆ ಕಾರಣ ಹುಡುಕಿ ಬರೆಯುತ್ತಾರೆ. ಆಮೇಲೆ ಅವರು ಗೆಲ್ಲುತ್ತಾರೆ. ನಿಮಗೆ ನಿಮ್ಮ ಕ್ರಿಮಿನಲ್ ದಾಖಲೆ ಆರಾಮಾಗಿ ಸಿಗಬೇಕು ಅಂದರೆ ಸುಲಭದ ಉಪಾಯ ಇದೇ. ಯಾವುದಾದರೂ ವಾರ್ಡಿಗೆ ನಾಮಪತ್ರ ಹಾಕಿ. ನಿಮಗೆ ಗೊತ್ತಿಲ್ಲದ ಕೇಸನ್ನೂ ಎದುರಾಳಿ ಹುಡುಕಿಕೊಂಡು ಬರುತ್ತಾನೆ.

ಇಷ್ಟೆಲ್ಲ ಕಷ್ಟ ಅಸಲಿ ವಾರಂಟಿಗೆ. ನಕಲಿ ವಾರಂಟ್ ನೋಡಿ, ಎಷ್ಟು ಸಲೀಸು. ನೀವು ಹುಡುಕಲೇಬೇಕಾಗಿಲ್ಲ, ಅದೇ ವಾಟ್ಸಾಪ್‌ಗೆ ಬರುತ್ತದೆ. ನಾಲ್ಕು ತಲೆಯ ಸಿಂಹ, ಕೆಂಪು ಸೀಲು, ಹಸಿರು ಸಹಿ. ವೀಡಿಯೊ ಕಾಲಿನಲ್ಲಿ ಯೂನಿಫಾರಂ ಹಾಕಿದವನೊಬ್ಬ ಬಂದು “ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ, ಫೋನ್ ಕಟ್ ಮಾಡಬೇಡಿ” ಅನ್ನುತ್ತಾನೆ. ಅಂಥ ಅರೆಸ್ಟ್ ಯಾವ ಕಾನೂನಿನಲ್ಲೂ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಅದನ್ನು ಹೇಳಬೇಕಾಯಿತು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ವಿಚಾರಣೆಗೆ ಹಾಜರಾಗಿ ಅಂತ ಪೊಲೀಸರು ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಅಂತ ಸ್ಪಷ್ಟ ಮಾಡಿತು. ಆದರೂ ಓದಿದವರು, ದೊಡ್ಡ ಕೆಲಸದಲ್ಲಿದ್ದವರು ದಿನಗಟ್ಟಲೆ ಕ್ಯಾಮೆರಾ ಮುಂದೆ ಕೂತು ಎಫ್‌ಡಿ ಮುರಿದು ದುಡ್ಡು ಕಳಿಸಿದ್ದಾರೆ. ಅವರನ್ನು ನಾನು ಬೈಯುವುದಿಲ್ಲ. ಅಸಲಿ ವಾರಂಟ್ ಹೇಗಿರುತ್ತದೆ, ಎಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು ಅಂತ ಅವರಿಗೆ ಯಾರು ಹೇಳಿದ್ದರು? ಇತ್ತ ಸರ್ಕಾರದ ಸೈಟು ಅವರ ಹತ್ತಿರ ಸಿಎನ್‌ಆರ್ ನಂಬರ್ ಕೇಳುತ್ತಿತ್ತು, ಅತ್ತ ಕಳ್ಳ ‘ಸಾರ್’ ಅಂತ ಮಾತು ಶುರು ಮಾಡಿ ಆಧಾರ್ ನಂಬರನ್ನೂ ತಾನೇ ಓದಿ ಹೇಳುತ್ತಿದ್ದ.

ಅದಕ್ಕೇ ನಾನು ಪರಿಚಯದವರಿಗೆಲ್ಲ ಒಂದು ಗುರುತು ಹೇಳಿಕೊಡುತ್ತಿದ್ದೇನೆ. ಬಂದ ವಾರಂಟಿನಲ್ಲಿ ನಿಮ್ಮ ಹೆಸರಿನ ಸ್ಪೆಲ್ಲಿಂಗ್, ಅಪ್ಪನ ಹೆಸರು, ಈಗಿನ ಮನೆ ವಿಳಾಸ ಮೂರೂ ಸರಿಯಾಗಿದ್ದರೆ ಅದು ನಕಲಿ. ಫೋನ್ ಕಟ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.